ಚಿಕ್ಕಿ ಮುಲಾಮಿನ ದಾವೆ

ಮಾರ್ಚ್ ೧೪, ಗುರುವಾರ

ಪ್ರೀತಿಯ ಚಿಕ್ಕಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾನು ಇಲ್ಲಿ ಚೆನ್ನಾಗಿದ್ದೇನೆ ಅಂತ ಬರೆಯೋದು ವಾಡಿಕೆ. ಮಂಡಿ ನೋವು ಬಿಟ್ಟರೆ ಅದು ಸುಳ್ಳೂ ಅಲ್ಲ. ಹತ್ತು ವರ್ಷದಲ್ಲಿ ನಾನು ನಿನಗೆ ಕಳಿಸಿದ್ದೆಲ್ಲ ವಕೀಲರ ನೋಟೀಸು, ಕೋರ್ಟಿನ ಸಮನ್ಸು. ಕಾಗದ ಅಂತ ಬರೀತಿರೋದು ಇದೇ ಮೊದಲು. ತಡವಾಯಿತು, ಕ್ಷಮಿಸು ಅನ್ನೋದಕ್ಕೂ ಒಂದು ಮಿತಿ ಇರುತ್ತೆ. ಅದನ್ನ ದಾಟಿ ಎಷ್ಟೋ ಕಾಲವಾಯಿತು. ಆದರೂ ಕ್ಷಮಿಸು.

ಮೇಲೆ "ಚಿಕ್ಕಿ" ಅಂತ ಬರೆದಾಗ ಪೆನ್ನು ಒಂದು ಗಳಿಗೆ ನಿಂತಿತು. ಆ ಹೆಸರು ಈಗ ನನ್ನದೂ ಅಲ್ಲ. ಕಳೆದ ತಿಂಗಳು ಮುಲಾಮಿನ ಕಾರ್ಖಾನೆಯ ಜೊತೆಗೆ ಒಂದು ದೊಡ್ಡ ಕಂಪನಿಗೆ ಬರೆದುಕೊಟ್ಟುಬಿಟ್ಟೆ. ನಾನಾಗಲಿ ನನ್ನ ಮನೆಯವರಾಗಲಿ ಇನ್ನು ಮುಂದೆ ಯಾವ ವ್ಯಾಪಾರಕ್ಕೂ ಆ ಹೆಸರು ಬಳಸುವಂತಿಲ್ಲ ಅಂತ ಕರಾರು. "ತಂಗೀನ ಹಾಗೆ ಕರೀಬಹುದು ತಾನೆ?" ಅಂತ ಕೇಳಿದೆ. ಕಂಪನಿಯ ವಕೀಲೆ, ಇನ್ನೂ ಚಿಕ್ಕ ವಯಸ್ಸಿನವಳು, ನಕ್ಕುಬಿಟ್ಟಳು. "ಕರೀರಮ್ಮ, ಡಬ್ಬಿಗೆ ತುಂಬಿ ಮಾರಬೇಡಿ ಅಷ್ಟೆ," ಅಂದಳು. ಆಮೇಲೆ ಸಹಿ ಹಾಕಿದೆ.

ನಿನ್ನ ಮಗಳಿಗೆ ಕಾರ್ಖಾನೆ ಬೇಡವಂತೆ. ನಾನು ಹೆತ್ತರೂ ಅವಳು ನಿನ್ನ ಮಗಳೇ, ಮೊಂಡುತನದಲ್ಲಂತೂ ನಿನ್ನದೇ ಅಚ್ಚು. ಶಾಲೆಯಲ್ಲಿ ಗಣಿತ ಹೇಳಿಕೊಡೋದೇ ಅವಳಿಗೆ ಸುಖ. "ಆ ವಾಸನೆಗೆ ನಂಗೆ ಚಿಕ್ಕಿ ನೆನಪಾಗ್ತಾಳೆ, ಅಲ್ಲಿಗೆ ಬರಲ್ಲ," ಅಂತ ಒಂದೇ ಮಾತಲ್ಲಿ ಮುಗಿಸಿದಳು.

ನಿನ್ನ ವಿಳಾಸ ಸಿಕ್ಕಿದ್ದು ಹೀಗೆ. ಕಂಪನಿಯವರಿಗೆ ತೀರ್ಪಿನ ದೃಢೀಕೃತ ನಕಲು ಬೇಕಾಗಿತ್ತು. ಕೋರ್ಟಿನ ನಕಲು ವಿಭಾಗದಲ್ಲಿ ಸಾಲಲ್ಲಿ ನಿಂತಿದ್ದೆ. ನನ್ನ ಮುಂದೆ ನಿನ್ನ ವಕೀಲರು. ತಲೆ ಪೂರ್ತಿ ಬೆಳ್ಳಗಾಗಿದೆ, ಆ ಕೋಟು ಮಾತ್ರ ಅದೇ. ಮುಖ ತಿರುಗಿಸಿಕೊಳ್ತಾರೆ ಅಂದುಕೊಂಡಿದ್ದೆ. ಅವರೋ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿದರು. ನೀನು ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ತಿದ್ದೀಯ, ಆಸ್ಪತ್ರೆಯ ಹಿಂದೆಯೇ ಅವರು ಕೊಟ್ಟ ಎರಡು ಕೋಣೆಯಲ್ಲಿ ಇದ್ದೀಯ ಅಂದರು. ಟೀ ಬಿಲ್ಲಿನ ಹಿಂಭಾಗದಲ್ಲಿ ವಿಳಾಸ ಬರೆದು ಕೊಟ್ಟರು. ಮೂರು ವಾರ ಅದನ್ನ ಪರ್ಸಿನಲ್ಲಿಟ್ಟುಕೊಂಡು ಓಡಾಡಿದ್ದೇನೆ.

ನಿನಗೆ ಎಲ್ಲ ಗೊತ್ತಿರೋದೇ, ಆದರೂ ಒಂದು ಸಲ ನನ್ನ ಬಾಯಲ್ಲಿ ಕೇಳು. ಇಷ್ಟು ದಿನ ಇದನ್ನ ನಾನು ವಕೀಲರ ಭಾಷೆಯಲ್ಲೇ ಹೇಳಿದ್ದೇನೆ: ವಾದಿ, ಪ್ರತಿವಾದಿ, ಸದರಿ ಮುಲಾಮು. ನಮ್ಮ ಭಾಷೆಯಲ್ಲಿ ಒಮ್ಮೆಯೂ ಹೇಳಿಲ್ಲ.

ಮುಲಾಮು ಮಾಡಿದ್ದು ನೀನು. ಮಗು ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ್ದಾಗ, ಔಷಧಿ ಅಂಗಡಿಯಲ್ಲಿ ಕಲಿತ ಕೈಯಲ್ಲಿ ಮೇಣ ಕರಗಿಸಿ, ಕರ್ಪೂರ, ಪುದೀನದ ಹರಳು, ಲವಂಗದ ಎಣ್ಣೆ ಹಾಕಿ ತಿರುವಿದವಳು ನೀನು. "ಚಿಕ್ಕಿ ಮುಲಾಮು ಹಚ್ಚು," ಅಂತ ಮಗು ಹಠ ಹಿಡಿದದ್ದೇ ಅದರ ನಾಮಕರಣ. ಮಾರಬಹುದು ಅಂತ ತೋಚಿದ್ದು ನನಗೆ. ಮುಚ್ಚಳದ ಮೇಲೆ ನಿನ್ನ ಮುಖ ಹಾಕಿಸಿದ್ದೂ ನಾನೇ, ನನ್ನ ಮುಖ ನೋಡಿದರೆ ನೆಗಡಿ ಜಾಸ್ತಿಯಾಗುತ್ತೆ ಅಂತ ನಿನ್ನ ಭಾವ ತಮಾಷೆ ಮಾಡಿದ್ದರು. ಆ ಹೆಸರಿನ ನೋಂದಣಿ ಅರ್ಜಿ ತುಂಬುವ ದಿನ ನೀನು ಒಲೆ ಮುಂದೆ ಇದ್ದೆ. ಕೈಯೆಲ್ಲ ಮೇಣ. "ಇಬ್ಬರ ಸಹಿ ಬೇಕಾ?" ಅಂತ ನೀನು ಒಳಗಿಂದ ಕೂಗಿ ಕೇಳಿದೆ. "ಒಬ್ಬರದು ಸಾಕು, ನೀನು ತಿರುವುತ್ತಿರು," ಅಂದೆ ನಾನು. ಅವತ್ತು ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಚಿಕ್ಕಿ, ಇದನ್ನ ನಂಬು. ಆದರೆ ಇಪ್ಪತ್ತೆರಡು ವರ್ಷ ಆದ ಮೇಲೆ ಆ ಒಂದು ಸಹಿಯ ಮೇಲೆ ನಾನು ಕೋಟೆ ಕಟ್ಟಿದೆ.

ನಿನ್ನ ಭಾವ ಹೋದ ಮೇಲೆ ನನಗೆ ಎಲ್ಲದಕ್ಕೂ ಆತುರ. ಬೇಡಿಕೆ ಏರುತ್ತಿತ್ತು, ನಿನ್ನ ಜೇನುಮೇಣ ನಿಧಾನ. ಅದರ ಬದಲು ಪೀಪಾಯಿಯಲ್ಲಿ ಬರುವ ಪೆಟ್ರೋಲಿಯಂ ಜೆಲ್ಲಿ ತರಿಸಿದೆ, ಯಂತ್ರ ಹಾಕಿಸಿದೆ. ನೀನು ಬೆರಳಲ್ಲಿ ಒಂದು ಚೂರು ತೆಗೆದು ಮುಂಗೈಗೆ ಉಜ್ಜಿ ನೋಡಿದೆ. "ಡಬ್ಬಿ ಮೇಲೆ ನನ್ನ ಮುಖ ಇಟ್ಟು ಒಳಗೆ ಇದನ್ನ ತುಂಬ್ತೀಯಾ ಅಕ್ಕ?" ಅಂದೆ. "ನಿನಗೆ ವ್ಯಾಪಾರ ಅರ್ಥ ಆಗಲ್ಲ," ಅಂದೆ ನಾನು. ನೀನು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಹೊರಟುಹೋದೆ. ಸಂಜೆಗೆ ಬರ್ತೀಯ ಅಂತ ಕಾದೆ. ಆಮೇಲೆ ಕಾಯೋದನ್ನ ಬಿಟ್ಟು ಸಿಟ್ಟಾಗೋದನ್ನ ಕಲಿತೆ, ಅದು ಸುಲಭ.

ಎಂಟು ತಿಂಗಳಿಗೆ ನಮ್ಮ ಸಗಟು ವ್ಯಾಪಾರಿ ಬಂದು ಮೇಜಿನ ಮೇಲೆ ಎರಡು ಡಬ್ಬಿ ಇಟ್ಟರು. ಒಂದು ನಮ್ಮದು, ಇನ್ನೊಂದು "ನಮ್ಮ ಚಿಕ್ಕಿ ಮುಲಾಮು". ಅದರಲ್ಲೂ ನಿನ್ನ ಮುಖ, ಕೂದಲು ಸ್ವಲ್ಪ ನರೆತಿತ್ತು ಅಷ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದೆ. ಹಳೇ ವಾಸನೆ. ಮಗಳ ಎದೆಗೆ ಹಚ್ಚುತ್ತಿದ್ದ ವಾಸನೆ. ಆಗಲೇ ನಾನು ಬಸ್ಸು ಹತ್ತಿ ನಿನ್ನ ಹತ್ತಿರ ಬರಬೇಕಿತ್ತು. ವಕೀಲರ ಹತ್ತಿರ ಹೋದೆ.

ದಾವೆ ಹಾಕಿದ ಮೊದಲ ದಿನವೇ, ನಿನಗೆ ಸುದ್ದಿಯೂ ಮುಟ್ಟುವ ಮುಂಚೆ, ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಮಾಲು ಜಪ್ತಿಗೆ ಕೋರ್ಟು ಒಬ್ಬ ವಕೀಲೆಯನ್ನ ಕಮಿಷನರ್ ಆಗಿ ನೇಮಿಸಿತು. ಡಬ್ಬಿ ಗುರುತಿಸೋಕೆ ನಾನೂ ಹೋಗಬೇಕಾಗಿತ್ತು. ಹೋಗದಿದ್ದರೂ ನಡೆಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ನೀನು ಬಾಗಿಲು ತೆಗೆದೆ. ಪೊಲೀಸಿನವರನ್ನ ನೋಡಿದೆ, ನನ್ನನ್ನ ನೋಡಿದೆ, ಒಳಗಿಂದ ಕುರ್ಚಿ ತಂದು ಕಮಿಷನರ್ ಅಮ್ಮನಿಗೆ ಹಾಕಿದೆ, ನನಗೂ ಒಂದು. ನಾನು ಕೂರಲಿಲ್ಲ. ಆರುನೂರ ನಲವತ್ತು ಡಬ್ಬಿ ಎಣಿಸಿದರು. ಲೇಬಲ್, ಅದನ್ನ ಮುದ್ರಿಸುವ ಅಚ್ಚು, ಪಾತ್ರೆ, ಎಲ್ಲ ಪಟ್ಟಿಗೆ ಸೇರಿತು. ಆಗ ನೀನು ಕೇಳಿದೆಯಲ್ಲ, "ಅಕ್ಕ, ಆ ಕಂಚಿನ ಪಾತ್ರೆ ಅಮ್ಮನದು. ಅದೂ ನಕಲೇನಾ?"

ಕಮಿಷನರ್ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರೇ ಪಾತ್ರೆಯನ್ನ ಪಟ್ಟಿಯಿಂದ ಹೊಡೆದು ಹಾಕಿದರು.

ಡಬ್ಬಿಗಳನ್ನ ಗೋಣಿಚೀಲಕ್ಕೆ ತುಂಬಿ, ಅರಗಿನ ಮುದ್ರೆ ಒತ್ತಿ, ನಿನ್ನ ಸುಪರ್ದಿಗೇ ಬಿಟ್ಟು ಬಂದರು. ಮುದ್ರೆ ಒಡೆದರೆ ನಿನ್ನದೇ ತಪ್ಪು. ನಿನ್ನ ಮುಖವೇ ಇದ್ದ ಆರುನೂರ ನಲವತ್ತು ಡಬ್ಬಿಗಳನ್ನ ನೀನೇ ಆರು ವರ್ಷ ಮುಂದಿನ ಕೋಣೆಯಲ್ಲಿ ಕಾದೆ.

ನಗು ಬರೋ ದಿನಗಳೂ ಇದ್ದವು. ನಿನ್ನ ವಕೀಲರು ಎದ್ದು, "ಸ್ವಾಮಿ, ಮನೆಮನೆಗೂ ಒಬ್ಬ ಚಿಕ್ಕಿ ಇರ್ತಾಳೆ. ಆ ಪದಕ್ಕೆ ಯಾರೂ ಬೇಲಿ ಹಾಕೋಕಾಗಲ್ಲ," ಅಂದರು. ನಮ್ಮವರು ನಿಘಂಟು ತೆರೆದು, ಚಿಕ್ಕಿ ಅಂದರೆ ನಕ್ಷತ್ರ ಅಂತಲೂ ಇದೆ ಅಂದರು. ಆಮೇಲೆ, "ಔಷಧಿ ಅಂಗಡಿಗೆ ಹೋಗಿ ಚಿಕ್ಕಿ ಕೊಡಿ ಅಂದರೆ ಅಂಗಡಿಯವನು ಯಾರ ಚಿಕ್ಕಮ್ಮನನ್ನೂ ತಂದು ಕೊಡಲ್ಲ ಸ್ವಾಮಿ, ನಮ್ಮ ಡಬ್ಬೀನೇ ಕೊಡ್ತಾನೆ. ಆ ಹೆಸರು ಅಷ್ಟು ನಮ್ಮದಾಗಿದೆ," ಅಂದರು. ಇಡೀ ಕೋರ್ಟು ನಕ್ಕಿತು. ಹಿಂದಿನ ಬೆಂಚಿನಲ್ಲಿ ನೀನೂ ನಕ್ಕೆ. ನಿನ್ನ ನಗು ಕೇಳಿ ನನಗೂ ನಗು ಬಂದು, ಕೆಮ್ಮಿದ ಹಾಗೆ ಮಾಡಿ ಮುಚ್ಚಿಕೊಂಡೆ.

ನ್ಯಾಯಾಧೀಶರು ಕೆಟ್ಟವರಲ್ಲ, ಅದನ್ನ ಹೇಳಲೇಬೇಕು. ಎರಡು ಡಬ್ಬಿ ಅಂಗೈಯಲ್ಲಿಟ್ಟು ತುಂಬ ಹೊತ್ತು ನೋಡಿದರು. "ಪಕ್ಕಪಕ್ಕ ಇಟ್ಟರೆ ನನಗೆ ವ್ಯತ್ಯಾಸ ಕಾಣುತ್ತೆ. ಆದರೆ ಗಿರಾಕಿ ಹಾಗೆ ನೋಡಲ್ಲ, ಅರ್ಧಂಬರ್ಧ ನೆನಪು ಇಟ್ಕೊಂಡು ಅಂಗಡಿಗೆ ಬರ್ತಾನೆ. ಅವನು ಮೋಸ ಹೋಗ್ತಾನಾ ಅನ್ನೋದಷ್ಟೇ ಪ್ರಶ್ನೆ," ಅಂದರು. ಸ್ವಂತ ಹೆಸರನ್ನ ಪ್ರಾಮಾಣಿಕವಾಗಿ ಬಳಸೋಕೆ ಕಾನೂನು ಬಿಡುತ್ತೆ, ಆದರೆ ನಿನ್ನ ದಾಖಲೆಗಳಲ್ಲಿರೋ ಹೆಸರು ಚಿಕ್ಕಿ ಅಲ್ಲ ಅಂದರು. ಹೋಗಿ ಮಾತಾಡಿಕೊಂಡು ಬನ್ನಿ ಅಂತ ಸಂಧಾನಕ್ಕೂ ಕಳಿಸಿದರು.

ಆ ಸಂಧಾನದ ಕೋಣೆ ನೆನಪಿದೆಯಾ? ದುಂಡು ಮೇಜು, ಕರಕರ ಅನ್ನುವ ಫ್ಯಾನು. ಸಂಧಾನ ಮಾಡಿಸುವ ಹಿರಿಯಮ್ಮ ಒಳ್ಳೆ ದಾರಿಯನ್ನೇ ಹೇಳಿದರು: ನಿನ್ನ ದಾಖಲೆಯ ಹೆಸರು ದೊಡ್ಡಕ್ಷರದಲ್ಲಿ, ಅದರ ಕೆಳಗೆ ಚಿಕ್ಕದಾಗಿ ಚಿಕ್ಕಿ, ಡಬ್ಬಿಯ ಬಣ್ಣ ಬೇರೆ. "ಅಕ್ಕ ಒಪ್ಪಿದರೆ ನಂಗೂ ಒಪ್ಪಿಗೆ," ಅಂದೆ ನೀನು. ನಾನು, "ಪ್ರಪಂಚದಲ್ಲಿ ಹೆಸರಿಗೇನು ಬರ? ಬೇರೆ ಇಟ್ಕೊಳ್ಳಲಿ," ಅಂದೆ. ಹಿರಿಯಮ್ಮ ಪೆನ್ನಿನ ಮುಚ್ಚಳ ಹಾಕಿದರು.

ತೀರ್ಪು ನನ್ನ ಕಡೆ ಬಂತು. ಶಾಶ್ವತ ನಿರ್ಬಂಧ. ಮುದ್ರೆ ಹಾಕಿದ ಮಾಲು ನಾಶ ಮಾಡಬೇಕು. ನೀನು ಮೇಲ್ಮನವಿ ಹಾಕಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಕೈ ಕುಲುಕಿದರು. ನಾನು ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂತೋಷವನ್ನ ಹೇಳಿಕೊಳ್ಳೋಣ ಅಂದರೆ, ನೀನು ಹುಟ್ಟಿದಾಗಿನಿಂದ ನಾನು ಮೊದಲು ಹೇಳುತ್ತಿದ್ದದ್ದು ನಿನಗೆ.

ಈಗ ಕಂಪನಿಯವರು ಹೊಸ ಡಬ್ಬಿ ತಂದಿದ್ದಾರೆ. ಹಸಿರು ಬಣ್ಣ, ಮುಖ ತೆಗೆದು ಎಲೆ ಹಾಕಿದ್ದಾರೆ. ಮುಖ ಹಳೇ ಕಾಲದ್ದು ಅನ್ನಿಸುತ್ತಂತೆ. ನಾವಿಬ್ಬರೂ ಅಷ್ಟು ಬಡಿದಾಡಿಕೊಂಡ ಹೆಸರು ಈಗ ಒಂದು ಎಲೆಯ ಕೆಳಗಿದೆ.

ನಾನು ಮಾಡಿದ್ದಕ್ಕೆ ಕ್ಷಮಿಸು ಅಂತ ಕೇಳಲ್ಲ, ಅದು ನಿನ್ನ ಮೇಲೆ ಇನ್ನೊಂದು ಹೊರೆ ಹಾಕಿದ ಹಾಗೆ. ಒಂದು ಭಾನುವಾರ ಬರಲಾ ಅಂತ ಮಾತ್ರ ಕೇಳ್ತೀನಿ. ನಿನ್ನ ಮಗಳು ಕರೆದುಕೊಂಡು ಬರ್ತಾಳೆ. ಬೇಡ ಅಂದರೆ ಅವಳೊಬ್ಬಳನ್ನಾದರೂ ಒಳಗೆ ಬಿಟ್ಟುಕೋ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರ್ತೀನಿ.

ನಿನ್ನ ಕೈಗೆ ಕಸುವಿರಲಿ, ಕಣ್ಣಿಗೆ ಬೆಳಕಿರಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದರಲ್ಲಿ ಒಳ್ಳೆಯ ಪಾಲು ನಿನಗೆ ಸೇರಲಿ.

ಇಂತು,
ನಿನ್ನ ಅಕ್ಕ

ಮ.ಮ.: ಕಾಗದ ಮಡಚಿಟ್ಟು ಮತ್ತೆ ಬಿಚ್ಚಿದ್ದೇನೆ. ನಿನ್ನ ವಕೀಲರು ಅವತ್ತು ಕೊಟ್ಟದ್ದು ವಿಳಾಸ ಒಂದೇ ಅಲ್ಲ, ಒಂದು ಸಂಗತಿಯನ್ನೂ ಹೇಳಿದರು.

ನಾನು ಸಾಕ್ಷಿ ಹೇಳಿದ ದಿನ ಅವರು ನನ್ನ ಕೈಗೆ ನಮ್ಮ ಡಬ್ಬಿ ಕೊಟ್ಟು, "ಈ ಚಿತ್ರದಲ್ಲಿರೋ ಹೆಂಗಸು ಯಾರಮ್ಮ?" ಅಂತ ಕೇಳಿದರು. ನಿನ್ನ ಮುಖ ಅಂತ ಒಪ್ಪಿಕೊಂಡರೆ ಹೆಸರಿನ ಮೇಲೆ ನಿನಗೂ ಹಕ್ಕು ಬರಬಹುದು ಅಂತ ನಮ್ಮ ವಕೀಲರು ಹೆದರಿಸಿದ್ದರು. ಪ್ರಮಾಣ ಮಾಡಿದ ಬಾಯಲ್ಲೇ ಹೇಳಿದೆ: "ಯಾರೂ ಅಲ್ಲ. ಚಿತ್ರ ಬರೆದವರ ಕಲ್ಪನೆ." ನ್ಯಾಯಾಧೀಶರು ತಲೆ ಎತ್ತಿ ಹಿಂದಿನ ಬೆಂಚು ನೋಡಿದರು. ಅವತ್ತೇ ನೀನು ಎದ್ದು ಬಂದು ನಿನ್ನ ವಕೀಲರ ಗೌನು ಎಳೆದು ಏನೋ ಪಿಸುಗುಟ್ಟಿದೆ. ನನ್ನ ವಿರುದ್ಧ ಇನ್ನೇನೋ ಹೇಳಿಕೊಡ್ತಿದ್ದೀಯ ಅಂತ ನಾನು ಹಲ್ಲು ಕಚ್ಚಿದೆ.

ಆ ಹೊತ್ತಿಗೆ ಅವರ ಕೈಯಲ್ಲಿ, ನೀನೇ ಹಿಂದೆ ಕೊಟ್ಟಿದ್ದ, ನನ್ನ ಮದುವೆಯಲ್ಲಿ ತೆಗೆಸಿದ ನಿನ್ನ ಫೋಟೋ ಇತ್ತಂತೆ. ಅದರ ಬೆನ್ನ ಮೇಲೆ ನನ್ನದೇ ಅಕ್ಷರ: "ಮುಚ್ಚಳಕ್ಕೆ ಈ ಮುಖ ಬರೆಯಿರಿ." ಅದನ್ನ ಮುಂದಿಟ್ಟಿದ್ದರೆ ನನ್ನ ದಾವೆ ಅಲ್ಲೇ ಕುಸಿಯುತ್ತಿತ್ತು. ನೀನು ಅದನ್ನ ಅವರ ಕೈಯಿಂದ ಕಿತ್ತುಕೊಂಡೆಯಂತೆ. "ಬೇಡ ಸಾರ್. ಇದನ್ನ ತೋರಿಸಿದರೆ ಅಕ್ಕ ಎಲ್ಲರ ಮುಂದೆ ಸುಳ್ಳುಗಾರ್ತಿ ಆಗ್ತಾಳೆ. ಡಬ್ಬಿ ಹೋದರೆ ಹೋಗಲಿ," ಅಂದೆಯಂತೆ.

ಇಡೀ ಕೋರ್ಟಿನ ಮುಂದೆ ಹೇಳಬೇಕಾದದ್ದನ್ನ ಈಗ ಒಬ್ಬಳೇ ಕೂತು ಕಾಗದದಲ್ಲಿ ಹೇಳ್ತಿದ್ದೀನಿ. ಅದು ನೀನು, ಚಿಕ್ಕಿ. ಆ ಚಿತ್ರದಲ್ಲಿದ್ದವಳು ನನ್ನ ತಂಗಿ.