ಅಡುಗೆಕಟ್ಟೆಯ ಕಲ್ಲಿನ ವರದಿ

ವಿಜಯನಗರ, ಶನಿವಾರ

ಪೂಜ್ಯ ಅಪ್ಪಾಜಿಯವರ ಸನ್ನಿಧಾನಕ್ಕೆ,

ನನ್ನ ಭಾವೀ ಅತ್ತೆಯವರ ಅಪ್ಪಣೆಯಂತೆ, ಅವರ ಅಡುಗೆಕಟ್ಟೆಗೆ ಕಲ್ಲು ಆರಿಸಲು ಅವರ ಜೊತೆಯಲ್ಲೇ ರಾಜಾಜಿನಗರದ ಅಂಗಡಿಗೆ ಹೋಗಿ ಬಂದೆನೆಂದು ಅರಿಕೆ. ಗ್ರಾನೈಟ್ ಚದರಡಿಗೆ ನೂರ ನಲವತ್ತು ರೂಪಾಯಿ. ಇಲ್ಲೇ ತಯಾರಾದ ಕ್ವಾರ್ಟ್ಜ್ ಕಲ್ಲು ನಾನೂರೈವತ್ತು, ಇಟಲಿ ಹೆಸರಿನದು ಒಂಬೈನೂರು. ಎರಡು ಕ್ವಾರ್ಟ್ಜ್ ಮೇಲೂ ಅರಿಸಿನ ಉಜ್ಜಿ ನೋಡಿದೆ. ಎರಡಕ್ಕೂ ಕಲೆ ಹಿಡಿಯಲಿಲ್ಲ. ಹೆಚ್ಚಿನ ದುಡ್ಡು ಬರೀ ಹೆಸರಿಗೆ.

ಅತ್ತೆಯವರು ಇಟಲಿಯದನ್ನೇ ಹಿಡಿದರು. "ಜೀವನಪೂರ್ತಿ ನೀನು ನಿಲ್ಲೋ ಜಾಗ ಕಣಮ್ಮ, ಚೆನ್ನಾಗಿರ್ಲಿ" ಅಂದರು.

ಕಟ್ಟೆಯ ಎತ್ತರ ಗೊತ್ತುಮಾಡಲು ಸೊಸೆಯ ಮೊಣಕೈ ಅಳತೆ ಬೇಕಂತೆ. ಅಂಗಡಿಯ ಮೇಸ್ತ್ರಿ ಟೇಪು ಹಿಡಿದಾಗ, ಅಳತೆ ತಪ್ಪಲಿ ಎಂದು ತುದಿಗಾಲಲ್ಲಿ ನಿಂತೆ. "ಮೇಡಂ, ಹಿಮ್ಮಡಿ ಕೆಳಗಿಡಿ" ಅಂದ. ಎಲ್ಲರೂ ನಕ್ಕರು.

"ಆಂಟಿ, ಮದುವೆ ಆದ್ಮೇಲೂ ನಾನು ಲ್ಯಾಬ್ ಕೆಲಸಕ್ಕೆ ಹೋಗ್ತೀನಿ. ಬಿಡಬೇಕು ಅಂದ್ರೆ ಈ ಮದುವೇನೇ ಬೇಡ" ಅಂದೆ. ಅವರು ಇನ್ನೂ ಜೋರಾಗಿ ನಕ್ಕರು. "ನಿಮ್ಮಪ್ಪ ಹೇಳಿದ್ರು ಬಿಡು, ಇವಳು ಬಾಯಿ ತೆಗೆದ್ರೆ ಬರೀ ತಮಾಷೆ ಅಂತ."

ಮನೆಗೆ ಬಂದು ಅದನ್ನೇ ಹೇಳಿದರೆ ತಾವೂ ನಕ್ಕಿರಿ. ಹಾಗಾಗಿ ಬರೆದು ತಮ್ಮ ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದೇನೆ.

ಸೋಮವಾರ ಕಲ್ಲು ಕೊಯ್ಯುತ್ತಾರೆ. ನನ್ನ ಅಳತೆಗೆ ಕೊಯ್ದ ಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಷ್ಟರೊಳಗೆ ಅವರ ಮನೆಗೆ ಒಂದು ಫೋನ್ ಮಾಡಿ, ನಾನು ಹೇಳಿದ್ದನ್ನೇ ತಾವು ಹೇಳಬೇಕು. ತಾವು ಹೇಳಿದರೆ ಯಾರೂ ನಗುವುದಿಲ್ಲ.

ಇಂತಿ ತಮ್ಮ ವಿಧೇಯ ಮಗಳು
(ಈ ಕಾಗದದಲ್ಲಿ ತಮಾಷೆ ಇದೊಂದೇ),
ರಂಜಿನಿ