ಬಿಳಿ ಸೀಟ್ ಕವರ್ ಹೊಲಿದು ಮುಚ್ಚಿದ ಬಕಲ್

ವಾಹನ ವಿಭಾಗದ ಅಧೀಕ್ಷಕರೇ,

'ಮಾನ್ಯರೇ' ಎಂದು ಶುರು ಮಾಡುವುದು ಪದ್ಧತಿ. ಮನಸ್ಸು ಬರಲಿಲ್ಲ. ನೀವು ಸಹಿ ಹಾಕಿದ ಒಂದು ಮೆಮೋದಿಂದ ಈ ಜನವರಿಯಲ್ಲಿ ನನ್ನ ಹದಿನಾಲ್ಕು ತಿಂಗಳ ಮಗಳು ನಮ್ರತಾಳ ಎಡಗಣ್ಣು ಹೋಯಿತು. ದೂರು ಇಷ್ಟೇ. ಉಳಿದದ್ದೆಲ್ಲ ಅದರ ಸಾಕ್ಷ್ಯ.

ಇಂಗ್ಲಿಷಿನಲ್ಲಿ ಬರೆದರೆ ಇದೂ ಒಂದು ಕಡತವಾಗಿ ನಿಮ್ಮ ಮೇಜಿನ ಮೇಲೇ ಬಂದು ಮಲಗುತ್ತದೆ ಎಂದು ಗೊತ್ತು. ಅದಕ್ಕೇ ಕನ್ನಡ, ಅದೂ ಪತ್ರಿಕೆಯಲ್ಲಿ. ರಾಜ್ಯೋತ್ಸವದ ದಿನ ಇದೇ ಕೋಲ್ಕತ್ತದ ಕನ್ನಡಿಗರು ನಿಮಗೆ ಶಾಲು ಹೊದಿಸುತ್ತಾರಲ್ಲ, ನೀವು ಮೈಕು ಹಿಡಿದು ತಾಯಿ, ತಾಯ್ನುಡಿ ಎಂದು ಗದ್ಗದರಾಗುತ್ತೀರಲ್ಲ, ಆ ಜನ ಇದನ್ನು ಓದಲಿ. ಮುಂದಿನ ನವೆಂಬರಿನಲ್ಲಿ ಶಾಲು ಹಿಡಿದ ಕೈ ಸ್ವಲ್ಪ ತಡವರಿಸಲಿ.

ಓದುವವರಿಗೆ ಗೊತ್ತಿರಲಿ: ಅಲಿಪುರದ ನಮ್ಮ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನೊಬ್ಬ ಗುಮಾಸ್ತೆ. ಕಚೇರಿಯಲ್ಲೇ ಒಂದು ಶಿಶುವಿಹಾರವಿದೆ. ತಾಯಂದಿರನ್ನೂ ಮಕ್ಕಳನ್ನೂ ಕ್ವಾರ್ಟರ್ಸಿನಿಂದ ಕರೆತರಲು ಕಾರುಗಳಿವೆ. ಆ ಕಾರುಗಳ ಹಿಂದಿನ ಸೀಟಿಗೆ, ಅಧಿಕಾರಿಗಳ ಗೌರವಕ್ಕೆಂದು, ಬಿಳಿ ಬಟ್ಟೆಯ ಕವರ್ ಹೊಲಿದಿದ್ದಾರೆ. ಸೀಟ್ ಬೆಲ್ಟಿನ ಬಕಲ್ ಆ ಬಟ್ಟೆಯ ಕೆಳಗೆ ಹೂತುಹೋಗಿದೆ. ಇಲ್ಲಿ ಬೆಲ್ಟು ಅಂದರೆ ಕಾರಿನ ಜೊತೆ ಬಂದ ಬೇಡದ ನೆಂಟ.

ಹೋದ ನವೆಂಬರಿನಲ್ಲಿ ಮಗಳಿಗೆ ಕಾರಿನಲ್ಲಿ ಕೂರುವ ಸೀಟು ಕೊಂಡೆ. ಗರಿಯಾಹಾಟ್ ಪೇಟೆಯ ಅಂಗಡಿಯವನು, ಬಂಗಾಳಿ ರೂಢಿಯಂತೆ ನನ್ನನ್ನು ಅತ್ತಿಗೆ ಮಾಡಿಕೊಂಡು, "ದೊಡ್ಡದೇ ತಗೊಳ್ಳಿ ಬೌದಿ, ಐದು ವರ್ಷ ಬರುತ್ತೆ" ಎಂದ. ಮಗು ಬೆಳೆದು ತುಂಬಿಕೊಳ್ಳಲಿ ಅನ್ನೋದಕ್ಕೆ ಇದೇನು ಸ್ವೆಟರೇ? ಮಗುವಿನ ವಯಸ್ಸು ಕೇಳಬೇಡ, ತೂಕ ಕೇಳು ಎಂದೆ. ಹತ್ತು ಕೆಜಿ. ಆ ತೂಕಕ್ಕೆ, ಹಿಂದಕ್ಕೆ ಮುಖ ಮಾಡಿ ಕೂರುವಂಥದ್ದನ್ನು ಆರಿಸಿದೆ. ಕಾರು ಗುದ್ದಿದರೆ ಎಳೆಯ ಕತ್ತಿನ ಬದಲು ಇಡೀ ಬೆನ್ನು ಪೆಟ್ಟು ತಾಳಿಕೊಳ್ಳುತ್ತದೆ. ಅದನ್ನು ಕಟ್ಟಲು ಬಕಲ್ ಬೇಕಲ್ಲ? ಕಸೂತಿ ಕತ್ತರಿಯಿಂದ ನಿಮ್ಮ ಕವರನ್ನು ನಾಲ್ಕು ಬೆರಳಷ್ಟು ಸೀಳಿದೆ, ಅಂಚು ಮಡಿಸಿ ಹೊಲಿದೆ ಕೂಡ. ಮೈಭಾರ ಹಾಕಿ ಬೆಲ್ಟ್ ಎಳೆದೆ. ಹಿಡಿದು ಅಲ್ಲಾಡಿಸಿದರೆ ಸೀಟು ಒಂದಂಗುಲವೂ ಕದಲಲಿಲ್ಲ. ಈ ಊರಿನ ಚಳಿಗೆ ಮಕ್ಕಳನ್ನು ಹತ್ತಿ ಮೂಟೆ ಮಾಡುತ್ತಾರಲ್ಲ, ನಾನು ದಪ್ಪ ಸ್ವೆಟರ್ ಬಿಚ್ಚಿ, ಒಂದೇ ಬೆರಳು ತೂರುವಷ್ಟು ಪಟ್ಟಿ ಬಿಗಿದು, ಆಮೇಲೆ ಮೇಲಿಂದ ಶಾಲು ಹೊದಿಸುತ್ತಿದ್ದೆ. ಮೂರು ವಾರ ಮಗು ಹಾಗೇ ನಿದ್ದೆ ಮಾಡುತ್ತಾ ಬಂತು.

ನಾಲ್ಕನೇ ವಾರ ನಿಮ್ಮ ಮೆಮೋ ಬಂತು. ಸರ್ಕಾರಿ ಆಸ್ತಿಗೆ ಹಾನಿ. ಅನುಮತಿಯಿಲ್ಲದ ಖಾಸಗಿ ವಸ್ತು. ಮೂರನೆಯದು ನಿಮ್ಮ ಸ್ವಂತ ಪ್ರತಿಭೆ: ಮುಂದಿನ ಸೀಟಿನಲ್ಲಿ ಅಧಿಕಾರಿ ಕೂತಾಗ ಮಗು ಅವರಿಗೆ ಬೆನ್ನು ಹಾಕಿ ಕೂರುವುದು ಶಿಸ್ತಲ್ಲ. ಹೌದು ಸ್ವಾಮಿ, ಇನ್ನೂ 'ಅಮ್ಮ' ಅನ್ನಲು ಬಾರದ ಕೂಸು ಎದ್ದು ಸಲಾಮು ಹೊಡೆಯಬೇಕಿತ್ತು.

ನಿಮ್ಮ ಕೋಣೆಗೆ ಬಂದೆ. ನೀವು ಊರಿನ ಸಲಿಗೆಯಲ್ಲಿ ನಕ್ಕಿರಿ. "ಏನಮ್ಮಾ ಇಂದಿರಾ, ನಾವೆಲ್ಲ ಅವ್ವನ ತೊಡೆ ಮೇಲೆ ಕೂತೇ ಬೆಳೆದೋರಲ್ವಾ? ಸತ್ತೋದ್ವಾ?"

"ಸತ್ತೋರು ಬಂದು ಹೇಳೋದಿಲ್ಲ ಸಾರ್" ಎಂದೆ.

"ಬೀದಿ ಹೋರಾಟದ ಭಾಷೆ ಇಲ್ಲಿ ಬೇಡ. ಪ್ರೊಬೇಷನ್ ಮುಗಿದಿಲ್ಲ, ನೆನಪಿರಲಿ."

ನೆನಪಿತ್ತು. ಕಾಲೇಜಿನ ದಿನಗಳ ಚಳವಳಿಯಲ್ಲಿ ಲಾಠಿಗೆ ಹೆದರದ ನಾನು ಒಂದು ಟೈಪಾದ ಹಾಳೆಗೆ ಹೆದರಿದೆ. 'ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ' ಎಂದು ನಮ್ಮ ಗುಮಾಸ್ತ ಜಾತಿಯ ಮಂತ್ರ ಬರೆದು ಕೊಟ್ಟೆ. ನಿಮ್ಮನ್ನು ಕ್ಷಮಿಸದ ನಾನು ಆ ಸಾಲು ಬರೆದವಳನ್ನೂ ಕ್ಷಮಿಸಿಲ್ಲ.

ದರ್ಜಿ ಬಂದು ಸೀಳನ್ನು ಮುಚ್ಚಿದ. ಜನವರಿ ಒಂಬತ್ತರ ಬೆಳಗ್ಗೆ, ಮುಂದಿದ್ದ ಟ್ಯಾಕ್ಸಿ ಗಕ್ಕನೆ ನಿಂತಿತು. ನಮ್ಮ ಕಾರು ಅದಕ್ಕೆ ಗುದ್ದಿತು. ವೇಗ ಮೂವತ್ತೋ ಮೂವತ್ತೈದೋ. ತೊಡೆಯ ಮೇಲಿದ್ದ ಮಗು ನನ್ನ ಎರಡೂ ಕೈ ದಾಟಿ ಹೋಗಿ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಚಾಲಕ ನಿತಾಯ್‌ದಾ ಆಸ್ಪತ್ರೆಯವರೆಗೂ "ದಿದಿ, ಮಾತಾಡ್ಸಿ, ಮಲಗೋಕೆ ಬಿಡಬೇಡಿ" ಎನ್ನುತ್ತಲೇ ಓಡಿಸಿದ. ಈಗ ಆ ಕಣ್ಣಿಗೆ ದೀಪ ಹತ್ತಿದ್ದು ತಿಳಿಯುತ್ತದೆ. ನನ್ನ ಮುಖ ತಿಳಿಯುವುದಿಲ್ಲ.

ನಿಮ್ಮ ವಿಚಾರಣೆಯ ವರದಿ ಏನಂದಿತು? 'ತಾಯಿಯು ಮಗುವನ್ನು ಗಟ್ಟಿಯಾಗಿ ಹಿಡಿದುಕೊಳ್ಳದ ಅಜಾಗರೂಕತೆ.' ಗಟ್ಟಿಯಾಗಿ! ಹಾಗೆ ಗುದ್ದಿದ ಗಳಿಗೆಯಲ್ಲಿ ಹತ್ತು ಕೆಜಿಯ ಮಗು ಎರಡು ಕ್ವಿಂಟಲ್ ಭಾರವಾಗಿ ಎಳೆಯುತ್ತದೆ. ನೀವು ಹಿಡಿಯುತ್ತೀರಾ? ನಾಲ್ಕು ಅಕ್ಕಿ ಮೂಟೆ ತರುತ್ತೇನೆ, ಬನ್ನಿ.

ಇಷ್ಟೇ ಆಗಿದ್ದರೆ ನಿಮ್ಮನ್ನು ಬರೀ ದಡ್ಡರೆಂದು ಬಿಟ್ಟುಬಿಡುತ್ತಿದ್ದೆ. ಆದರೆ ಮಾಹಿತಿ ಹಕ್ಕಿನಲ್ಲಿ ಆ ಕಾರಿನ ಕಡತ ಕೇಳಿದೆ. ಏಪ್ರಿಲಿನಲ್ಲಿ ನಕಲು ಬಂತು. ಕಳೆದ ಆಗಸ್ಟಿನಲ್ಲಿ ಇದೇ ಕಾರಿನಲ್ಲಿ, ಇದೇ ಹಿಂದಿನ ಸೀಟಿನಲ್ಲಿ, ಐಟಿ ಕಂಪನಿಗಳಿರುವ ಸೆಕ್ಟರ್ ಫೈವ್‌ನ ಗಾಜಿನ ಕಟ್ಟಡದಿಂದ ಕಚೇರಿಗೆ ಹೊಸ ಕಂಪ್ಯೂಟರ್ ಸರ್ವರ್ ಬಂದಿದೆ. ಅದರ ಜೊತೆಗಿದ್ದ ಚೀಟಿಯಲ್ಲಿ ನಿಮ್ಮದೇ ಅಕ್ಷರ: 'ನಾಜೂಕು ವಸ್ತು. ಕವರ್ ಬಿಚ್ಚಿಸಿ, ಸೀಟ್ ಬೆಲ್ಟಿನಿಂದ ಬಿಗಿದು ತರತಕ್ಕದ್ದು.' ಕೆಳಗೆ ನಿಮ್ಮ ಸಹಿ. ನಿತಾಯ್‌ದಾನನ್ನು ಕೇಳಿದೆ. "ಹೌದು ದಿದಿ, ನಾನೇ ಬಿಚ್ಚಿದ್ದು. ಸಾಹೇಬ್ರು ನಿಂತು ನೋಡಿದ್ರು. ಮರುದಿನ ಮತ್ತೆ ಹೊಲಿಸಿದ್ರು" ಎಂದ.

ಹಾಗಾದರೆ ನಿಮಗೆ ಗೊತ್ತಿತ್ತು. ಬಕಲ್ ಎಲ್ಲಿದೆ, ಬೆಲ್ಟು ಯಾಕಿದೆ, ನಾಜೂಕು ವಸ್ತುವನ್ನು ಹೇಗೆ ತರಬೇಕು, ಎಲ್ಲ ಗೊತ್ತಿತ್ತು. ನಿಮ್ಮ ಲೆಕ್ಕದಲ್ಲಿ ನಮ್ಮ ಮಕ್ಕಳು ನಾಜೂಕಲ್ಲ, ಅಷ್ಟೇ.

ನಾನು ಕೇಳುವುದನ್ನು ಕೇಳಿಸಿಕೊಳ್ಳಿ. ನನ್ನ ಸಹೋದ್ಯೋಗಿ ಸ್ನೇಹಲತಾಳ ಐದು ತಿಂಗಳ ಕೂಸು ಸೇರಿ ಒಂಬತ್ತು ಮಕ್ಕಳು ಇವತ್ತೂ ಆ ಕಾರುಗಳಲ್ಲಿ ತೊಡೆಯ ಮೇಲೇ ಬರುತ್ತಿವೆ. ಈ ತಿಂಗಳು ಮುಗಿಯುವುದರೊಳಗೆ ಎಲ್ಲ ಕಾರುಗಳ ಕವರುಗಳನ್ನು ಕಚೇರಿಯ ಅಂಗಳದಲ್ಲಿ, ಹಾಡುಹಗಲು, ಒಂಬತ್ತು ತಾಯಂದಿರ ಎದುರು ನೀವೇ ಕತ್ತರಿಸಬೇಕು. ದರ್ಜಿಯನ್ನು ಕಳಿಸುವಂತಿಲ್ಲ. ಪ್ರತಿ ಮಗುವಿನ ತೂಕಕ್ಕೆ ತಕ್ಕ ಸೀಟನ್ನು ಕಚೇರಿ ಕೊಡಬೇಕು, ಮೊದಲನೆಯದನ್ನು ನೀವು ಮಂಡಿಯೂರಿ ಕಟ್ಟಬೇಕು. ಆ ವಿಚಾರಣೆಯ ವರದಿಯನ್ನು ವಾಪಸು ಪಡೆಯಬೇಕು. ಆಗದಿದ್ದರೆ ಜೂನ್ ಒಂದರಿಂದ ಆ ಒಂಬತ್ತು ತಾಯಂದಿರೂ ನಾನೂ ಗೇಟಿನಲ್ಲಿ ಕೂರುತ್ತೇವೆ, ನಿಮ್ಮ ಚೀಟಿಯನ್ನು ಬಾಗಿಲಷ್ಟು ದೊಡ್ಡದು ಮಾಡಿ ಹಿಡಿದು. ಇದೆಲ್ಲ ಆದರೂ ಸರಿ, ಆಗದಿದ್ದರೂ ಸರಿ, ನಿಮ್ಮನ್ನು ಕೋರ್ಟಿಗೆ ಎಳೆಯುವುದು ಖಚಿತ. ವಕೀಲರಿಗೆ ಕಾಗದ ಕೊಟ್ಟಾಗಿದೆ.

ಹಿತೈಷಿಗಳನ್ನು ಕಳಿಸಿ 'ಸಾಹೇಬರು ಕ್ಷಮೆ ಕೇಳಲು ಸಿದ್ಧರಿದ್ದಾರೆ' ಎನ್ನಿಸಿದ್ದೀರಿ. ನನ್ನ ಹತ್ತಿರ ಕೇಳಿ ಏನು ಪ್ರಯೋಜನ? ಕಣ್ಣು ನನ್ನದಲ್ಲ. ಕ್ಷಮೆ ಕೊಡುವುದೋ ಬಿಡುವುದೋ ಅದರ ಒಡತಿಗೆ ಸೇರಿದ್ದು. ಅವಳಿಗೆ ಮಾತು ಬರಲಿ, ಓದು ಬರಲಿ, ನಿಮ್ಮ ಚೀಟಿಯನ್ನು ಅವಳೇ ಓದಿಕೊಳ್ಳಲಿ. ಅಲ್ಲಿಯವರೆಗೆ ಬದುಕಿರಿ, ಕಾಯಿರಿ.

ಇಂತಿ,
ಪತ್ರಿಕೆಗೆ ಬರೆದ ತಪ್ಪಿಗೆ ಅಮಾನತಿನ ಆದೇಶ ಎದುರು ನೋಡುತ್ತಿರುವ
ಇಂದಿರಾ ನರಸಿಂಹಮೂರ್ತಿ
ಕೋಲ್ಕತ್ತ, ಮೇ ೨೦೦೭