ಚಿರತೆಯಿಲ್ಲದ ಬೆಟ್ಟ

ದಿಗ್ಲಿಪುರ, ಉತ್ತರ ಅಂಡಮಾನ್
೯ ಫೆಬ್ರವರಿ, ಭಾನುವಾರ

ದಿವ್ಯಳ ಅಪ್ಪನವರಿಗೆ, ಸಮುದ್ರ ದಾಟಿ ಬಂದಿರುವ ಪ್ರಮೀಳಾಳ ನಮಸ್ಕಾರ.

ಫೋನಿದ್ದೂ ಕಾಗದ ಬರೆದು ಅದರ ಫೋಟೊ ಕಳಿಸುವುದೇಕೆ ಅನ್ನಬೇಡಿ. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದಲ್ಲಿ ಆ ಸೌಕರ್ಯವಿಲ್ಲ.

"ಎಣ್ಮಗಳ್ನ ಕಾಡ್ಗೆ ಬುಟ್ಟು ನಿದ್ದೆ ಎಂಗ್ ಬಂದಾತು? ಕರ್ಕೊಂಡೇ ಬಾ, ಪಾಂಡವಪುರದ ಸಂಬಂಧ ಮುಗ್ಸ್‌ಬುಡಾನ" ಎಂದು ನನ್ನನ್ನು ವಿಮಾನ ಹತ್ತಿಸಿದಿರಿ. ಆಜ್ಞೆಯನ್ನು ತಲೆಯ ಮೇಲೆ ಹೊತ್ತು, ಮಗಳು ಹಕ್ಕಿಗಳ ಅಧ್ಯಯನ ಮಾಡುವ ಬೆಟ್ಟವನ್ನೇ ನಿನ್ನೆ ಹತ್ತಿದೆ. ದಾರಿ ಕಡಲ ದಂಡೆಯಿಂದಲೇ ಶುರು. ಶಂಖ ಹೊತ್ತ ಏಡಿಗಳು ಮನೆ ಸಮೇತ ಅಡ್ಡಾಡುತ್ತವೆ. ಆಮೇಲೆ ಕಾಡು. ಮರಗಳ ಬುಡ ಗೋಡೆಗಳಂತೆ ಹರಡಿವೆ, ಒಂದೊಂದು ಸಂದಿಯಲ್ಲೂ ನಮ್ಮ ಹಸು ಕಟ್ಟಬಹುದು. ಬೆತ್ತದ ಮುಳ್ಳು ಸೆರಗು ಹಿಡಿದರೆ ಬಿಡುವುದಿಲ್ಲ, ಥೇಟ್ ನಿಮ್ಮ ಅಕ್ಕ.

ನಮ್ಮ ಹೊಣಕೆರೆ ಕಡೆಯ ಹೆಂಗಸು ಕಾಡಿನಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಹೊಲಕ್ಕೆ ಹೋಗುವಾಗ ಚಿರತೆ ದೂರವಿರಲೆಂದು ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುತ್ತೇವಲ್ಲ, ಹಾಗೆ ಭಜನೆ ಹಾಕಿಕೊಂಡು, ನಡುನಡುವೆ ಕೂಗು ಹಾಕುತ್ತ ನಡೆದೆ. ಮೇಲಿನ ಕೊಂಬೆಗಳಿಂದ ದೊಡ್ಡ ಕಾಡುಪಾರಿವಾಳಗಳ ಹಿಂಡು ಪಟಪಟನೆ ಎದ್ದು ಹೋಯಿತು. ಅವನ್ನು ನೋಡಲೆಂದೇ ಮಗಳು ಬಂದಿದ್ದಂತೆ.

"ಅಮ್ಮಾ, ಆಫ್ ಮಾಡು. ಈ ದ್ವೀಪದಲ್ಲಿ ಚಿರತೇನೇ ಇಲ್ಲ" ಎಂದಳು.

"ಉಲೀನಾದ್ರೂ ಇರ್ಬೋದಲ್ಲವ್ವ?"

"ಅದೂ ಇಲ್ಲ ಕಣಮ್ಮ. ಇಲ್ಲಿ ಗದ್ಲ ಮಾಡೋ ಪ್ರಾಣಿ ಅಂದ್ರೆ ನೀನೊಬ್ಳೇ."

ಈ ಪಾರಿವಾಳಗಳು ಹಣ್ಣು ನುಂಗಿ ಬೀಜವನ್ನು ದೂರ ಬೀಳಿಸುತ್ತವಂತೆ, ಹಾಗೆ ಬಿದ್ದದ್ದು ಮರವಾಗುತ್ತದಂತೆ. ತಾಯಿಮರದ ಬುಡದಲ್ಲೇ ಉಳಿದದ್ದು ಬಹುಪಾಲು ನೆರಳಿನಲ್ಲಿ ಸೊರಗುತ್ತದಂತೆ. ನನಗೇ ಕುಟುಕುತ್ತಿದ್ದಾಳೆಂದು ಮುಖ ನೋಡಿದೆ. ಇಲ್ಲ, ಮಂಡಿಯೂರಿ ತರಗೆಲೆ ಕೆದಕುತ್ತಿದ್ದಳು.

ತುದಿಯಲ್ಲಿ ಮರಗಳು ಗಿಡ್ಡ, ಮೈತುಂಬ ಪಾಚಿ. ಮೋಡ ನಮ್ಮನ್ನು ಸವರಿಕೊಂಡು ಹೋದ ಮೇಲೆ ಸುತ್ತ ಸಮುದ್ರ ಕಂಡಿತು. ಮದುವೆಯ ಮಾತು ತೆಗೆಯೋಣವೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಂದು ಪಾರಿವಾಳ ಹತ್ತಿರದ ಕೊಂಬೆಗೆ ಬಂದು ಕೂತಿತು. ದಿವ್ಯ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಊರಿನಲ್ಲಿ ಕತ್ತಲಾಗುವ ಮೊದಲೇ ಮನೆ ಸೇರಲೆಂದು ಹೆದರಿಸಿ ಬೆಳೆಸಿದ ಮಗಳು; ಇಲ್ಲಿ ಅವಳಿಗಿದ್ದ ಹೆದರಿಕೆ ಹಕ್ಕಿ ಹಾರೀತೆಂಬುದೊಂದೇ. ನಾನು ಬಾಯಿ ಮುಚ್ಚಿಕೊಂಡು ಕೂತೆ. ನೀವು ನಂಬುವುದಿಲ್ಲ, ಬಹಳ ಹೊತ್ತು.

ಇಂತಿ ನಿಮ್ಮ,
ಪ್ರಮೀಳಾ

ತಾ.ಕ.: ಪಾಂಡವಪುರದವರಿಗೆ ಈಗಷ್ಟೇ ನಾನೇ ಫೋನ್ ಮಾಡಿ, ಹುಡುಗಿ ಸದ್ಯಕ್ಕೆ ಬರುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದೆ. "ಯಜಮಾನ್ರು ಏನಂದ್ರು?" ಎಂದು ಕೇಳಿದರು. ನೀವೇ ಹೇಳಿಸಿದ್ದು ಎಂದಿದ್ದೇನೆ. ಅವರು ಫೋನ್ ಮಾಡಿದರೆ ನನ್ನ ಮಾತು ಸುಳ್ಳಾಗದಂತೆ ನೋಡಿಕೊಳ್ಳಿ.